ಅನಂತಕ್ಕಿಂತ ತುಸು ಈಚೆ

ದೊನ್ಯಾ ಸುನಿಲ್ದಾ ಅಡುಗೆಮನೆಯ ದೀಪ ಆರಿಸಿದಳು.
ಉರ್ತಾದೋ ಕಣಿವೆಯಲ್ಲಿ ಇನ್ನು ಉಳಿದದ್ದು
ನನ್ನ ಪರದೆಯ ಮಂದ ಕೆಂಪು,
ಅವಳ ದೊಡ್ಡಿಯಲ್ಲಿ ಮೇಕೆಯೊಂದರ ಕೆಮ್ಮು.

ಏಳು ದಿನ ಗಣಿಯಲ್ಲಿ ಪಂಪು ಬಿಚ್ಚುತ್ತೇನೆ, ಏಳು ದಿನ ರಜೆ.
ಹೋದ ವರ್ಷ ಬರೀ ಕ್ಯಾಮೆರಾ ಇತ್ತು.
ಮಸೂರದ ಕೊರಳಲ್ಲಿ ಅಡ್ಡ ಮಲಗಿದ ಎಂಟು ಕೆತ್ತಿದ್ದರು,
ನಂಬಿ, ಅಲ್ಲಿಗೇ ತಿರುಗಿಸಿ ನಿಲ್ಲಿಸಿದೆ.
ನಲವತ್ತೊಂದು ಚಿತ್ರ.
ಒಂದೊಂದು ನಕ್ಷತ್ರವೂ ಕಿತ್ತುಬಿದ್ದ ಅಂಗಿಗುಂಡಿ.
ಆಮೇಲೆ ತಿಳಿಯಿತು, ಅನಂತ ಇರುವುದು
ಅನಂತದ ಗುರುತಿನಲ್ಲಲ್ಲ,
ಅದಕ್ಕಿಂತ ತುಸು ಈಚೆ.
ಎಷ್ಟು ಈಚೆ ಎಂದು ಯಾರೂ ಕೆತ್ತಿಲ್ಲ.
ಚಳಿಗೊಂದು ಈಚೆ, ಸೆಕೆಗೊಂದು ಈಚೆ.

ಈಗ ದೂರದರ್ಶಕ ಇದೆ, ಯಾರೋ ಬಳಸಿ ಬಿಟ್ಟದ್ದು,
ಪಕ್ಕೆಯಲ್ಲೊಂದು ನೆಗ್ಗು ಸಮೇತ.
ಅದರ ಬಾಯಿಗೆ ರಟ್ಟಿನ ಮುಚ್ಚಳ,
ಸುನಿಲ್ದಾ ಕೊಟ್ಟ ಪಪ್ಪಾಯಿ ಪೆಟ್ಟಿಗೆಯದು,
ಬ್ಲೇಡಿನಲ್ಲಿ ಕೊಯ್ದ ಸೀಳುಗಳು ಮೂರು ದಿಕ್ಕಿಗೆ.
ಅಗಸ್ತ್ಯನ ಕಡೆ ಹೊರಳಿಸಿದರೆ
ನಕ್ಷತ್ರಕ್ಕೆ ಮೂರು ಗೆರೆ ಮೂಡುತ್ತವೆ:
ಎರಡು, ಬಾಯಿ ತೆರೆದ ಕತ್ತರಿಯ ಹಾಗೆ,
ನಡುವಿನದು ಅಲೆಮಾರಿ.
ತಿರುಪು ತಿರುವಿದಂತೆ ಅದು ಆಚೆ ಜಾರುತ್ತದೆ, ಈಚೆ ಜಾರುತ್ತದೆ,
ಎಳ್ಳಷ್ಟೂ ಓರೆಯಾಗದೆ ಕತ್ತರಿಯ ಕೀಲಿನ ಮೇಲೆ ಕೂತಾಗ
ಉಸಿರು ಬಿಡಬಹುದು.
ಕನ್ನಡಿಯ ಕಡೆಗಲ್ಲ.

ಗಣಿಯಲ್ಲಿ ಬೇರಿಂಗು ಕೂದಲೆಳೆ ತಪ್ಪಿದರೆ ಪಂಪು ಕೂಗುತ್ತದೆ,
ಕಿವಿಯಿದ್ದವನಿಗೆ ಅಷ್ಟು ಸಾಕು.
ಇಲ್ಲಿ ಕೂದಲೆಳೆ ಒರಟು ಅಳತೆ,
ಕೂಗುವುದು ಯಾವುದೂ ಇಲ್ಲ.
ತಪ್ಪು ಅಂದರೆ ಒಂದಿಷ್ಟು ಮೆತ್ತನೆಯ ಬೆಳಕು,
ನೋಡಲು ಚೆಂದ.

"ರಾತ್ರಿಯೆಲ್ಲ ಅದೊಂದನ್ನೇ ನೋಡುತ್ತೀಯಾ, ಎಲಿಯೆಸೆರ್?"
ಕಂಬಳಿ ಹೊತ್ತು ಬಂದಿದ್ದಾಳೆ ಮುದುಕಿ.
"ಸಣ್ಣದು ಮಾಡುತ್ತಿದ್ದೇನೆ."
"ಇಷ್ಟು ದೊಡ್ಡ ಕೊಳವೆ ತಂದು
ಸಣ್ಣದು ಮಾಡುತ್ತೀಯಾ?"
ಹೌದು. ಹರಡಿಕೊಂಡರೆ ಅದು
ಪಕ್ಕದ ಬಡ ನಕ್ಷತ್ರವನ್ನು ನುಂಗಿ ಕೂರುತ್ತದೆ.

ಅವಳು ಕಂಬಳಿಯನ್ನು ಕೊಳವೆಗೆ ಹೊದಿಸಲು ಹೋದಳು.
ಬೇಡ, ಅದು ರಾತ್ರಿಯಷ್ಟೇ ತಣ್ಣಗಾಗಬೇಕು.
"ಪಾಪ" ಎಂದು ನನಗೆ ಹೊದಿಸಿದಳು.
ಹೊಗೆಯ ವಾಸನೆ, ಹಾಲಿನ ವಾಸನೆ.

ಪರದೆ ನೋಡಿ ಅವಳಿಗೆ ಬೇಸರ.
ಒಂದು ಚುಕ್ಕೆ. ಬರಿಗಣ್ಣಿಗೂ ಚುಕ್ಕೆಯೇ ತಾನೆ.
ಇರಲಿ ಎಂದು ರಟ್ಟು ತೆಗೆದು, ತಿರುಪನ್ನು ಪೂರಾ ಕೆಡಿಸಿದೆ.
ಉಬ್ಬಿದ ಅಗಸ್ತ್ಯ, ಬೆಳಕಿನ ಬಳೆಯಾಗಿ,
ನಡುವೆ ಕಪ್ಪು ತೂತು,
ಅಂಚೆಲ್ಲ ಕುದಿಯುವ ಮೊದಲಿನ ನೀರಿನ ಹಾಗೆ ನಡುಗುತ್ತ.
"ನನ್ನ ಚೀಸಿನ ಅಚ್ಚು!" ಎಂದಳು.
"ಇದನ್ನು ಬಿಟ್ಟು ಅದನ್ನು ಯಾಕೆ ಹುಡುಕುತ್ತೀ?"
ಆ ತೂತು ನಕ್ಷತ್ರದ್ದಲ್ಲ,
ನನ್ನದೇ ಕನ್ನಡಿಯ ನೆರಳು.
ಹೇಳಲಿಲ್ಲ.

ಅವಳು ಮಲಗಲು ಹೋದಳು. ರಟ್ಟು ಹಾಕಿ ಮತ್ತೆ ಶುರು.
ಹಲ್ಲುಚಕ್ರದಲ್ಲಿ ಸಡಿಲವಿದೆ, ಹಿಂದಕ್ಕೆ ಬಂದರೆ ಸುಳ್ಳು ಹೇಳುತ್ತದೆ.
ಪೂರ್ತಿ ಕೆಳಗೆ ಇಳಿಸಿ
ಪ್ರತಿಸಲವೂ ಒಂದೇ ದಾರಿಯಿಂದ ಹತ್ತಬೇಕು.
ದಾಟಿದ ಮೇಲೆಯೇ ಗೊತ್ತಾಗುವುದು
ಅದು ಅಲ್ಲಿತ್ತು ಎಂದು.
ಮತ್ತೆ ಇಳಿ. ಮತ್ತೆ ಹತ್ತು.
ಹನ್ನೆರಡೂವರೆಗೆ ಸಿಕ್ಕಿತು, ತಿರುಪನ್ನು ಬಿಗಿದೆ.

ತಲೆಯ ಮೇಲಿನ ದೊಡ್ಡ ಗುಚ್ಛಕ್ಕೆ ಹೊರಳಿದೆ.
ಮೊದಲ ಚಿತ್ರದಲ್ಲಿ ಸಾವಿರಾರು ನಕ್ಷತ್ರ,
ಎಲ್ಲಕ್ಕೂ ಮೂರು ಮೂರು ಗೆರೆ.
ರಟ್ಟು ತೆಗೆಯುವುದನ್ನೇ ಮರೆತಿದ್ದೆ.
ಕತ್ತಲಲ್ಲಿ ಒಬ್ಬನೇ ನಕ್ಕೆ, ಮೇಕೆ ಕೆಮ್ಮಿತು.
ತೆಗೆದು ಪಕ್ಕದ ಬಂಡೆಯ ಮೇಲಿಟ್ಟೆ.
ಎರಡನೆಯ ಚಿತ್ರ:
ಮರದ ತುಂಬ ಎಳ್ಳು ಸುರಿದು
ಕೇರಿ ಬಿಟ್ಟ ಹಾಗೆ, ನಟ್ಟನಡುವಿನ ದಟ್ಟಣೆಯಲ್ಲೂ
ಕಾಳಿಗೆ ಕಾಳು ಬೇರೆ.
ಎಣಿಸತೊಡಗಿ, ಬಿಟ್ಟೆ.

ಎರಡು ಗಂಟೆಗೆ ಚಳಿ ನಾಲ್ಕು ಡಿಗ್ರಿ ಇಳಿಯಿತು.
ಅಲ್ಯೂಮಿನಿಯಂ ಮೈ ಮುದುಡಿತು, ನಾನೂ.
ಕಾಳುಗಳು ನೆನೆದು ಉಬ್ಬತೊಡಗಿದವು.
ರಟ್ಟಿಗೆ ಕೈ ಚಾಚಿದರೆ ಬಂಡೆ ಬರಿದು.
ದೀಪ ಹಿಡಿದೆ:
ದೊಡ್ಡಿ ಹಾರಿಬಂದ ಆ ಕೆಮ್ಮಿನ ಮೇಕೆ
ಕಣ್ಣರೆ ಮುಚ್ಚಿ ಮೆಲ್ಲುತ್ತಿತ್ತು,
ಮೂರು ದಿಕ್ಕಿನಲ್ಲಿ ಒಂದು
ಆಗಲೇ ಅದರ ಹೊಟ್ಟೆಯಲ್ಲಿ.